ಪಾಲ್ ಸೈಮನ್‌ನ 1973ರ ಆಲ್ಬಮ್: ಇದು ಚರ್ಚಿನ ಹಾಡಾ?

ತಂತಿಮೀಟು:

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಬೇಡಿ.

ನಾನು ಗಿಟಾರ್ ಹಿಡಿದು ಎರಡು ವರ್ಷ ಆಯಿತು. ಸೈಮನ್ ಅಂಡ್ ಗಾರ್‌ಫಂಕಲ್ ಹಾಡುಗಳಲ್ಲೇ ಬೆರಳು ಪಳಗಿದ್ದು. ಹಾಗಾಗಿ ನನ್ನ ತಲೆಯಲ್ಲಿ ಪಾಲ್ ಸೈಮನ್ ಅಂದರೆ ಒಂದು ಗಿಟಾರ್, ಮೆಲು ದನಿ, ಮಳೆ ಬರುವ ಸಂಜೆ, ಅಷ್ಟೇ. ಹೋದ ಭಾನುವಾರ ಯಾವುದೋ ಪಟ್ಟಿಯಲ್ಲಿ ಅವನ 'ದೇರ್ ಗೋಸ್ ರೈಮಿನ್ ಸೈಮನ್' ಅನ್ನೋ ಆಲ್ಬಮ್ ಸಿಕ್ಕಿತು, ಸ್ಪೀಕರ್‌ನಲ್ಲಿ ಜೋರಾಗಿ ಹಾಕಿದೆ. 'ಲವ್ಸ್ ಮಿ ಲೈಕ್ ಎ ರಾಕ್' ಬಂತು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕ್ತಿದ್ದ ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, "ಇದೇನೋ, ಚರ್ಚಿನ ಹಾಡು ಹಾಕಿದ್ದೀಯಾ?" ಅಂದರು.

"ಇಲ್ಲಮ್ಮ, ಇದು ಅಮ್ಮನ ಮೇಲಿನ ಹಾಡು" ಅಂದೆ.

"ಅಮ್ಮನ ಮೇಲೆ ಹಾಡೋಕೆ ಹಿಂದೆ ಅಷ್ಟು ಜನ ಯಾಕೆ? ಅವರು ದೇವರನ್ನು ಕರೆಯೋ ಹಾಗೆ ಕರೀತಿದ್ದಾರಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜಕ್ಕೂ ಹಿಂದೆ ಯಾರೋ ಗಂಡಸರ ಗುಂಪು ಇದೆ, ಕೆಳಗಿನ ದನಿಯವರು ನೆಲ ನಡುಗುವ ಹಾಗೆ ಹಾಡ್ತಾರೆ. ಇನ್ನೊಂದು ಹಾಡಲ್ಲಿ ನಡುವೆ ಯಾರೋ ಬಂದು ಎಷ್ಟು ಮೇಲಿನ ಸ್ಥಾಯಿಯಲ್ಲಿ ಹಾಡಿ ಹೋಗ್ತಾರೆ ಅಂದರೆ, ಮೊದಲ ಸಲ ಹೆಂಗಸು ಅಂದುಕೊಂಡೆ. ಯಾರಿವರೆಲ್ಲ? ಫೋಕ್ ಹಾಡುವವನಿಗೆ ಇವರು ಎಲ್ಲಿ ಸಿಕ್ಕಿದರು? ಇನ್ನೊಂದು, ತೀರಾ ದಡ್ಡ ಪ್ರಶ್ನೆ ಅನ್ನಿಸಿದರೂ ಕೇಳಿಬಿಡ್ತೀನಿ. 'ಬಂಡೆಯ ಹಾಗೆ ಪ್ರೀತಿಸುತ್ತಾಳೆ' ಅಂದರೆ ಏನು? ನಮ್ಮಲ್ಲಿ ಕಲ್ಲು ಮನಸ್ಸು ಅಂದರೆ ಬೈಗುಳ ಅಲ್ವಾ?

ಹಳೇ ರೆಕಾರ್ಡು:

ನಿಮ್ಮ ಅಮ್ಮನ ಕಿವಿಗೆ ದೊಡ್ಡ ನಮಸ್ಕಾರ. ಅವರು ಹೇಳಿದ್ದು ಮುಕ್ಕಾಲು ಪಾಲು ಸರಿ.

ಆ ಹಾಡಲ್ಲಿ ಹಿಂದೆ ಹಾಡಿರೋದು ಡಿಕ್ಸಿ ಹಮ್ಮಿಂಗ್‌ಬರ್ಡ್ಸ್. ಚರ್ಚುಗಳಲ್ಲಿ ಗಾಸ್ಪೆಲ್, ಅಂದರೆ ಅಮೆರಿಕದ ಕಪ್ಪು ಜನರ ಚರ್ಚಿನ ಭಕ್ತಿಗೀತೆ, ಹಾಡಿಕೊಂಡು ಬೆಳೆದ ತಂಡ. 1928ರಲ್ಲಿ ಸೌತ್ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ ಜೇಮ್ಸ್ ಡೇವಿಸ್ ಅನ್ನುವವರು ಕಟ್ಟಿದ್ದು. ಅಂದರೆ ಸೈಮನ್ ಹುಟ್ಟುವ ಹೊತ್ತಿಗೆ ಇವರು ಹದಿಮೂರು ವರ್ಷ ಹಾಡಿ ಆಗಿತ್ತು. ಮುಖ್ಯ ಗಾಯಕ ಐರಾ ಟಕರ್. ಈ ಥರದ ತಂಡಕ್ಕೆ ಗಾಸ್ಪೆಲ್ ಕ್ವಾರ್ಟೆಟ್ ಅಂತಾರೆ. ಹೆಸರು ಕ್ವಾರ್ಟೆಟ್ ಆದರೂ ನಾಲ್ಕೇ ಜನ ಇರಬೇಕು ಅಂತೇನಿಲ್ಲ, ಐದಾರು ಜನ ಇರ್ತಾರೆ. ಲೆಕ್ಕ ಹಾಕೋದು ತಲೆಯನ್ನಲ್ಲ, ದನಿಯನ್ನು. ಮೇಲೊಬ್ಬ, ನಡುವೆ ಇಬ್ಬರು, ತಳದಲ್ಲಿ ಒಬ್ಬ. ಆ ತಳದ ದನಿ ಮಾಡುವ ಕೆಲಸವೇ ನಿಮ್ಮ ಸ್ಪೀಕರ್ ನಡುಗಿಸಿದ್ದು. ಮೊದಲೆಲ್ಲ ಈ ತಂಡಗಳ ಜೊತೆ ವಾದ್ಯವೇ ಇರ್ತಿರಲಿಲ್ಲ, ಹಾಗಾಗಿ ಡ್ರಮ್ಮು, ಬೇಸು ಎಲ್ಲವನ್ನೂ ಗಂಟಲಲ್ಲೇ ಮಾಡಬೇಕಿತ್ತು.

ಇನ್ನೊಂದು ಹಾಡಿನ ಮೇಲಿನ ದನಿ 'ಟೇಕ್ ಮಿ ಟು ದ ಮಾರ್ಡಿ ಗ್ರಾ'ದ್ದು ಅಲ್ವಾ? ಅದು ರೆವರೆಂಡ್ ಕ್ಲಾಡ್ ಜೀಟರ್. ಈ ಮನುಷ್ಯನ ಕತೆ ಕೇಳಿ. ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮಾಡ್ತಿದ್ದವರು, 1938ರಲ್ಲಿ ಅಲ್ಲೇ ಜೊತೆಗಾರರನ್ನು ಸೇರಿಸಿಕೊಂಡು ಒಂದು ತಂಡ ಕಟ್ಟಿದರು. ಅದೇ ಮುಂದೆ ಸ್ವಾನ್ ಸಿಲ್ವರ್‌ಟೋನ್ಸ್ ಆಯಿತು. ಅವರ ಫಾಲ್ಸೆಟೊ, ಅಂದರೆ ಗಂಡಸು ಹೆಣ್ಣು ದನಿಯ ಎತ್ತರಕ್ಕೆ ಹೋಗಿ ಹಾಡೋದು, ಗಾಸ್ಪೆಲ್ ಲೋಕದಲ್ಲಿ ದಂತಕತೆ. 1959ರಲ್ಲಿ ಅವರು ಹಾಡಿದ 'ಓ ಮೇರಿ ಡೋಂಟ್ ಯು ವೀಪ್' ನಡುವೆ ಒಂದು ಸಾಲು ಹಾಗೇ ಹಾರಿಸಿ ಹೋಗ್ತಾರೆ. ನನ್ನನ್ನು ನಂಬಿದರೆ ಆಳದ ನೀರಿಗೆ ನಾನು ಸೇತುವೆ ಆಗ್ತೀನಿ ಅನ್ನೋ ಅರ್ಥದ್ದು. ಅದನ್ನು ರೆಕಾರ್ಡ್‌ನಲ್ಲಿ ಮತ್ತೆ ಮತ್ತೆ ಕೇಳ್ತಿದ್ದ ಸೈಮನ್ ತಲೆಯಲ್ಲಿ 1970ರ 'ಬ್ರಿಡ್ಜ್ ಓವರ್ ಟ್ರಬಲ್ಡ್ ವಾಟರ್' ಹಾಡು ಹುಟ್ಟಿತು. ಇದನ್ನು ಸೈಮನ್ನೇ ಹೇಳಿಕೊಂಡಿದ್ದಾನೆ. ಮೂರು ವರ್ಷ ಆದ ಮೇಲೆ ಅದೇ ಜೀಟರ್‌ರನ್ನು ಕರೆಸಿ ತನ್ನ ಆಲ್ಬಮ್‌ನಲ್ಲಿ ಹಾಡಿಸಿದ. ಕೆಲವೇ ಸಾಲು ಹಾಡ್ತಾರೆ. ಆದರೆ ಅವರು ಬಂದು ಹೋದ ಮೇಲೆ ಸೈಮನ್ ದನಿ ಮತ್ತೆ ಬಂದಾಗ ಪಾಪ ಸಪ್ಪೆ ಅನ್ನಿಸುತ್ತೆ. ತನ್ನ ಹಾಡಿನಲ್ಲೇ ತನಗಿಂತ ದೊಡ್ಡ ದನಿಗೆ ಜಾಗ ಬಿಟ್ಟಿದ್ದಾನಲ್ಲ, ಅದು ನನಗೆ ಇಷ್ಟ.

ಸ್ಟುಡಿಯೊ ಕತೆ ಆಮೇಲೆ ಬರೀತೀನಿ. ಮಗಳನ್ನು ಟ್ಯೂಷನ್‌ನಿಂದ ಕರ್ಕೊಂಡು ಬರಬೇಕು.

ಗರಡಿಮನೆ:

ಮೊದಲು ಒಂದು ತಕರಾರು. ಪಾಲ್ ಸೈಮನ್‌ನನ್ನು 'ಜಾನಪದ ಗಾಯಕ' ಅಂತ ಪತ್ರಿಕೆಗಳಲ್ಲಿ ಬರೀತಾರಲ್ಲ, ಅದನ್ನು ನೋಡಿದಾಗೆಲ್ಲ ನನಗೆ ಮೈ ಉರಿಯುತ್ತೆ. ಜಾನಪದ ಅಂದರೆ ಬೀಸೋ ಕಲ್ಲಿನ ಪದ, ಕಂಸಾಳೆ, ಚೌಡಿಕೆ. ಬರೆದವರ ಹೆಸರು ಯಾರಿಗೂ ಗೊತ್ತಿಲ್ಲ, ಊರಿಗೆ ಊರೇ ಹಾಡುತ್ತೆ. ನ್ಯೂಯಾರ್ಕ್‌ನ ಫ್ಲ್ಯಾಟ್‌ನಲ್ಲಿ ಕೂತು ತಾನೇ ಬರೆದು, ತನ್ನ ಹೆಸರಲ್ಲಿ ಹಕ್ಕು ಮಾಡಿಸಿಕೊಂಡು ಹಾಡೋನು ಜಾನಪದ ಹೇಗೆ ಆಗ್ತಾನೆ ಸ್ವಾಮಿ?

ಹಳೇ ರೆಕಾರ್ಡು:

@ಗರಡಿಮನೆ ಒಪ್ಪಿದೆ. ಅಮೆರಿಕದಲ್ಲಿ 'ಫೋಕ್' ಅನ್ನೋ ಪದ 60ರ ದಶಕದಲ್ಲಿ ಜಾರಿಬಿಟ್ಟಿತು. ಗಿಟಾರ್ ಹಿಡಿದು ಸ್ವಂತ ಪದ್ಯ ಹಾಡುವವರೆಲ್ಲ ಫೋಕ್ ಆದರು. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಅಂದರೆ ಭಾವಗೀತೆ ಇರಬೇಕು, ಅದೂ ಪೂರ್ತಿ ಹೊಂದೋದಿಲ್ಲ.

ಸೈಮನ್ ವಿಷಯದಲ್ಲಂತೂ ಫೋಕ್ ಅನ್ನೋದು ನಡುವೆ ಹಾಕಿಕೊಂಡ ಅಂಗಿ. ಅವನು ಕ್ವೀನ್ಸ್‌ನ ಹುಡುಗ. ಬೀದಿ ಮೂಲೆಯಲ್ಲಿ ನಿಂತು ನಾಲ್ಕೈದು ಜನ ದನಿ ಸೇರಿಸಿ ಹಾಡ್ತಿದ್ದ ಡೂ-ವಾಪ್ ರೇಡಿಯೊದಲ್ಲಿ ಕೇಳಿ ಬೆಳೆದವನು. ಅದು ರಿದಮ್ ಅಂಡ್ ಬ್ಲೂಸ್, ಅಂದರೆ ಕಪ್ಪು ಜನರ ಲಯದ ಜನಪ್ರಿಯ ಸಂಗೀತದ, ಮನೆಯ ಕೂಸು. 1957ರಲ್ಲಿ ಇನ್ನೂ ಹೈಸ್ಕೂಲಿನಲ್ಲಿದ್ದಾಗಲೇ ಗಾರ್‌ಫಂಕಲ್ ಜೊತೆ 'ಟಾಮ್ ಅಂಡ್ ಜೆರ್ರಿ' ಅನ್ನೋ ಹೆಸರಲ್ಲಿ ಒಂದು ಹಾಡು ಮಾಡಿ ಅಮೆರಿಕದ ಪಟ್ಟಿಯಲ್ಲಿ 49ನೇ ಜಾಗ ಗಿಟ್ಟಿಸಿದ್ದ. ಇಂಗ್ಲೆಂಡಿನ ಫೋಕ್ ಕ್ಲಬ್ಬುಗಳು, ಕಪ್ಪು ಸ್ವೆಟರು, ಒಂಟಿತನ, ಇದೆಲ್ಲ ಆಮೇಲೆ ಬಂದಿದ್ದು. ಹಾಗಾಗಿ 1973ರಲ್ಲಿ ಅವನು ಗಾಸ್ಪೆಲ್ ಕಡೆ 'ಹೋದ' ಅನ್ನೋದಕ್ಕಿಂತ ಮನೆಗೆ ವಾಪಸ್ ಬಂದ ಅನ್ನಬಹುದು.

ಈಗ ಸ್ಟುಡಿಯೊ. 1972ರಲ್ಲಿ ಸ್ಟೇಪಲ್ ಸಿಂಗರ್ಸ್ ಅನ್ನೋ ಗಾಸ್ಪೆಲ್ ಕುಟುಂಬ 'ಐಲ್ ಟೇಕ್ ಯು ದೇರ್' ಹಾಡಿತು. ಅಮೆರಿಕದಲ್ಲಿ ನಂಬರ್ ಒನ್. ಅದರ ಲಯದಲ್ಲಿ ಜಮೈಕಾದ ರೆಗೆ ಇದೆ. ಸೈಮನ್ ಆಗಷ್ಟೇ ಜಮೈಕಾದ ಕಿಂಗ್‌ಸ್ಟನ್‌ಗೆ ಹೋಗಿ ಒಂದು ಹಾಡು ಮಾಡಿ ಬಂದಿದ್ದ. ಸ್ಟೇಪಲ್ ಸಿಂಗರ್ಸ್ ರೆಕಾರ್ಡ್ ತಂದ ಸ್ಟ್ಯಾಕ್ಸ್ ಕಂಪನಿಯ ಆಲ್ ಬೆಲ್‌ಗೆ ಫೋನ್ ಹಚ್ಚಿ, ಆ ಹಾಡಿನಲ್ಲಿ ನುಡಿಸಿದ ಜಮೈಕಾದವರು ನನಗೂ ಬೇಕು ಅಂದನಂತೆ. ಸಿಗ್ತಾರೆ, ಆದರೆ ಬಣ್ಣ ಸ್ವಲ್ಪ ಬಿಳಿ ಅಂತ ಉತ್ತರ ಬಂತು. ಅವರು ಜಮೈಕಾದವರೂ ಅಲ್ಲ, ಕಪ್ಪು ಜನರೂ ಅಲ್ಲ. ಅಲಬಾಮಾದ ಹಳ್ಳಿಗಾಡಿನ ನಾಲ್ಕು ಬಿಳಿ ಹುಡುಗರು! ಕೀಬೋರ್ಡಿಗೆ ಬ್ಯಾರಿ ಬೆಕೆಟ್, ಡ್ರಮ್ಸಿಗೆ ರಾಜರ್ ಹಾಕಿನ್ಸ್, ಬೇಸಿಗೆ ಡೇವಿಡ್ ಹುಡ್, ಗಿಟಾರಿಗೆ ಜಿಮ್ಮಿ ಜಾನ್ಸನ್. ಮಸಲ್ ಶೋಲ್ಸ್ ರಿದಮ್ ಸೆಕ್ಷನ್ ಅಂತ ಹೆಸರು, ಅಡ್ಡಹೆಸರು ಸ್ವಾಂಪರ್ಸ್.

ಸೈಮನ್ 'ಮಾರ್ಡಿ ಗ್ರಾ' ಒಂದೇ ಹಾಡಿಗೆ ಅಂತ ಅವರ ಸ್ಟುಡಿಯೊ ನಾಲ್ಕು ದಿನ ಹಿಡಿದ. ನ್ಯೂಯಾರ್ಕ್‌ನಲ್ಲಿ ಅವನಿಗೆ ಹಾಗೇ ರೂಢಿ, ಒಂದು ಹಾಡನ್ನು ವಾರಗಟ್ಟಲೆ ಉಜ್ಜುತ್ತಿದ್ದ. ಇವರು ಎರಡನೇ ಟೇಕ್‌ನಲ್ಲೇ ಮುಗಿಸಿ ಕೈ ಒರೆಸಿಕೊಂಡರು. ಇನ್ನೂ ಮೂರೂವರೆ ದಿನ ಉಳಿದಿದೆ, ದುಡ್ಡು ಕೊಟ್ಟಾಗಿದೆ, ಏನು ಮಾಡೋದು? ಬೇರೆ ಹಾಡು ಏನಿದೆ ತೆಗಿ ಅಂತ ಶುರುವಾಗಿ 'ಕೊಡಾಕ್ರೋಮ್' ಅಲ್ಲೇ ಆಯಿತು, 'ಒನ್ ಮ್ಯಾನ್ಸ್ ಸೀಲಿಂಗ್' ಅಲ್ಲೇ ಆಯಿತು, ನಿಮ್ಮ ಅಮ್ಮ ಕೇಳಿದ ಹಾಡೂ ಅವರದ್ದೇ ಕೈಚಳಕ. ನನಗನ್ನಿಸೋದು, ಆಲ್ಬಮ್‌ಗೆ ಆ ಸಡಿಲ, ಆ ನಗು ಬಂದಿದ್ದೇ ಈ ಆಕಸ್ಮಿಕದಿಂದ.

ಕಡಲ ತಡಿಯ ಟೆನರ್:

ಬಂಡೆ ಪ್ರಶ್ನೆಗೆ ನಾನು ಉತ್ತರ ಕೊಡ್ತೇನೆ, ನಾನು ಮಂಗಳೂರಿನವನು, ಚರ್ಚ್ ಕಾಯರ್‌ನಲ್ಲಿ ಇಪ್ಪತ್ತು ವರ್ಷದಿಂದ ಹಾಡ್ತಾ ಇದ್ದೇನೆ.

ಬೈಬಲಿನಲ್ಲಿ ಬಂಡೆ ಅಂದರೆ ದೇವರು. ಕನ್ನಡ ಬೈಬಲ್ ತೆಗೆದು 18ನೇ ಕೀರ್ತನೆ ನೋಡಿ, ಅಲ್ಲಿ ದೇವರನ್ನು ಬಂಡೆ, ಕೋಟೆ ಅಂತಲೇ ಕರೆದಿದ್ದಾರೆ. ಮರುಭೂಮಿಯ ಜನರಿಗೆ ಬಂಡೆ ಅಂದರೆ ನೆರಳು, ಅಡಗಿಕೊಳ್ಳುವ ಜಾಗ, ಅಲುಗಾಡದ ವಸ್ತು. ಕಲ್ಲೆದೆ ಅಲ್ಲ. ಗಾಸ್ಪೆಲ್ ಹಾಡುಗಳಲ್ಲಿ ಬಂಡೆ ಬಂದರೆ ಕೇಳುವವರಿಗೆ ಕೂಡಲೇ ಗೊತ್ತಾಗ್ತದೆ, ಇದು ದೇವರ ಮಾತು ಅಂತ. ಸೈಮನ್ ಮಾಡಿದ ಕಿಲಾಡಿತನ ಇದೇ. ದೇವರು ಇರಬೇಕಾದ ಜಾಗದಲ್ಲಿ ಅಮ್ಮನನ್ನು ಕೂರಿಸಿದ. ಹಾಡಿನಲ್ಲಿ ಸೈತಾನನೂ ಬರ್ತಾನೆ, ಅವನನ್ನು ಹುಡುಗ ಓಡಿಸ್ತಾನೆ. ಎಲ್ಲ ಸಾಮಾನೂ ಚರ್ಚಿನದ್ದು, ಆದರೆ ಪೂಜೆ ಮಾತ್ರ ತಾಯಿಗೆ. ಹಾಡು ಮಾಡಿದವನು ಕ್ರೈಸ್ತನೂ ಅಲ್ಲ, ಯಹೂದಿ ಮನೆಯವನು. ಆದರೆ ಕೀರ್ತನೆಗಳು ಅವರದ್ದೂ ಹೌದಲ್ಲ, ಆ ಲೆಕ್ಕದಲ್ಲಿ ಬಂಡೆ ಅವನ ಮನೆಯ ಆಸ್ತಿಯೇ.

ಕೊನೇ ಚರಣ ಗಮನಿಸಿದ್ದೀರಾ? ಹುಡುಗ ದೊಡ್ಡವನಾಗಿ ನಾನು ಪ್ರೆಸಿಡೆಂಟ್ ಆಗಿದ್ದರೆ ಅಂತಾನೆ. ಹಾಡು ಬಂದಿದ್ದು 1973ರ ಬೇಸಿಗೆಯಲ್ಲಿ, ವಾಟರ್‌ಗೇಟ್ ವಿಚಾರಣೆ, ಅಂದರೆ ಪ್ರೆಸಿಡೆಂಟ್ ನಿಕ್ಸನ್ ಕಡೆಯವರ ಹಗರಣದ ವಿಚಾರಣೆ, ಟಿವಿಯಲ್ಲಿ ಬರ್ತಾ ಇದ್ದ ಹೊತ್ತು. ಆಗ ಕೇಳಿದವರು ನಗದೆ ಇದ್ದಿರಲಿಕ್ಕಿಲ್ಲ. ಏನು ಮಾಡಿದರೂ ಅಮ್ಮ ಮಾತ್ರ ಬಿಟ್ಟುಕೊಡೋದಿಲ್ಲ ನೋಡಿ.

ಇನ್ನೊಂದು ವಿಷಯ, ಯಾರೂ ಹೇಳಲಿಲ್ಲ. ಆ ಆಲ್ಬಮ್‌ನಲ್ಲಿ 'ಅಮೆರಿಕನ್ ಟ್ಯೂನ್' ಅಂತ ಒಂದು ಹಾಡಿದೆ. ಅದನ್ನು ಮೊದಲ ಸಲ ಕೇಳಿದಾಗ ನಾನು ಬಸ್ಸಿನಲ್ಲಿದ್ದೆ. ಎರಡು ಸಾಲು ಆದ ಕೂಡಲೇ ನನ್ನ ಬಾಯಿ ತಾನಾಗಿ ಟೆನರ್ ಪಾರ್ಟ್ ಹಾಡಲಿಕ್ಕೆ ಶುರು ಮಾಡಿತು, ಪಕ್ಕದಲ್ಲಿ ಕೂತವರು ಒಂದು ಥರಾ ನೋಡಿದರು. ಯಾಕೆಂದರೆ ಅದು ನಾವು ಪ್ರತಿ ವರ್ಷ ಶುಭ ಶುಕ್ರವಾರ ಕನ್ನಡದಲ್ಲಿ ಹಾಡುವ ರಾಗ! ಯೇಸುವಿನ ಗಾಯಗೊಂಡ ತಲೆಯ ಮೇಲಿನ ಹಾಡು. ಹಳೇ ಜರ್ಮನ್ ಸಂಗೀತಗಾರ ಬಾಖ್ ತನ್ನ 'ಸೇಂಟ್ ಮ್ಯಾಥ್ಯೂ ಪ್ಯಾಶನ್'ನಲ್ಲಿ ಅದನ್ನು ಮತ್ತೆ ಮತ್ತೆ ತರ್ತಾನೆ. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರಲ್ಲ, ಅವರ ಕಡೆಯ ಜರ್ಮನ್ ರಾಗಗಳು ನಮ್ಮ ಹಾಡಿನ ಪುಸ್ತಕಕ್ಕೂ ಬಂದವು. ಅದೇ ರಾಗ ಅಮೆರಿಕಕ್ಕೆ ಹೋಗಿ ಸೈಮನ್ ಕೈಯಲ್ಲಿ ಸುಸ್ತಾದ ದೇಶದ ಬಗ್ಗೆ ಹಾಡಾಯಿತು.

ತಮಾಷೆ ಏನು ಗೊತ್ತಾ? ಅದು ಮೊದಲಿಗೆ ದೇವರ ಹಾಡೇ ಅಲ್ಲ. 1601ರಲ್ಲಿ ಹಾಸ್ಲರ್ ಅನ್ನುವವನು ಒಂದು ಹುಡುಗಿಗೋಸ್ಕರ ಮನಸ್ಸು ಕಲಕಿಹೋದವನ ಪ್ರೇಮಗೀತೆ ಅಂತ ಮಾಡಿದ್ದು. ಆಮೇಲೆ ಯಾರೋ ಅದಕ್ಕೆ ಭಕ್ತಿಯ ಮಾತು ಹಾಕಿದರು. ಹಾಗಾಗಿ 'ಇದು ಚರ್ಚಿನ ಹಾಡಾ' ಅಂತ ಕೇಳಿದರೆ ಯಾವ ವರ್ಷದ ಮಾತು ಅಂತ ನಾನು ತಿರುಗಿ ಕೇಳಬೇಕಾಗ್ತದೆ.

ಗರಡಿಮನೆ:

@ಕಡಲ ತಡಿಯ ಟೆನರ್ ಇದು ಚೆನ್ನಾಗಿದೆ, ಗೊತ್ತಿರಲಿಲ್ಲ.

ಆದರೆ ನನ್ನ ತಕರಾರು ಮುಗಿದಿಲ್ಲ. ಜರ್ಮನ್ ರಾಗ ಎತ್ತಿಕೊಂಡ, ಬಾಖ್ ಬಂದು ರಾಯಧನ ಕೇಳೋದಿಲ್ಲ, ಬಿಡಿ. ಕಪ್ಪು ಗಾಯಕರ ವಿಷಯ ಹಾಗಲ್ಲ. ಅವರು ಹೊಲದಲ್ಲಿ ಬೆವರು ಸುರಿಸಿ, ಚರ್ಚಿನಲ್ಲಿ ಅತ್ತು ಕರೆದು ಕಟ್ಟಿದ ದನಿಯನ್ನು ಬಿಳಿಯ ಹಾಡುಗಾರರು ಬಂದು ಮಸಾಲೆ ಥರ ಉದುರಿಸಿಕೊಂಡು ಹೋಗ್ತಾರೆ. ಮುಂದೆ 1985ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ 1986ರ 'ಗ್ರೇಸ್‌ಲ್ಯಾಂಡ್' ಮಾಡಿದಾಗ ಇದೇ ಸೈಮನ್ ಮೇಲೆ ಎಷ್ಟು ಗಲಾಟೆ ಆಯಿತು, ಗೊತ್ತಲ್ಲ. ಈ ಆಲ್ಬಮ್ ಅದರ ರಿಹರ್ಸಲ್ ಅಷ್ಟೇ.

ಹಂಟ್ಸ್‌ವಿಲ್ ಗೌಡ:

ನಾನು ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಇದ್ದೀನಿ, ಮೂಲ ಮಂಡ್ಯ. ಮಸಲ್ ಶೋಲ್ಸ್ ಕಡೆಗೆ ಇಲ್ಲಿಂದ ಒಂದೂವರೆ ಗಂಟೆ ಡ್ರೈವ್. ಊರಿಂದ ಅಪ್ಪ ಬಂದಾಗ ಕರ್ಕೊಂಡು ಹೋಗಿದ್ದೆ, ಆ ಸ್ಟುಡಿಯೊ ಈಗ ಮ್ಯೂಸಿಯಂ.

ದೊಡ್ಡ ಕಟ್ಟಡ ಅಂತ ನೆನೆಸಿಕೊಂಡು ಹೋದರೆ ನಿರಾಸೆ ಆಗುತ್ತೆ. ಶೆಫೀಲ್ಡ್ ಅನ್ನೋ ಸಣ್ಣ ಊರಲ್ಲಿ ರಸ್ತೆ ಬದಿಗೆ ಒಂದು ಕಲ್ಲಿನ ಮುಖದ ಮಳಿಗೆ, 3614 ಜ್ಯಾಕ್ಸನ್ ಹೈವೇ. ಹಿಂದೆ ಅಲ್ಲಿ ಶವಪೆಟ್ಟಿಗೆ ಮಾರ್ತಿದ್ದರು. ನಮ್ಮಪ್ಪ ಕಾರಿಂದ ಇಳಿದವರೇ "ಇದನ್ನ ನೋಡಕ್ಕೆ ಪೆಟ್ರೋಲ್ ಸುಟ್ಯಾ, ನಮ್ಮೂರ ಸೊಸೈಟಿ ಇದಕ್ಕಿಂತ ದೊಡ್ಡದಾಗದೆ" ಅಂದರು. ಒಳಗೆ ಹೋಗಿ, 1969ರ ಡಿಸೆಂಬರಿನಲ್ಲಿ ರೋಲಿಂಗ್ ಸ್ಟೋನ್ಸ್ ಇಲ್ಲೇ ಬಂದು ಮೂರು ಹಾಡು ಮಾಡಿದರು ಅಂತ ಹೇಳಿದೆ. ಅವರಿಗೆ ಸ್ಟೋನ್ಸೂ ಒಂದೇ, ಸೊಸೈಟಿಯೂ ಒಂದೇ. ಆದರೆ ಅಲ್ಲಿ ಆಡಿಸ್ತಿದ್ದ ಹಾಡಿಗೆ ಸದ್ದಿಲ್ಲದೆ ಕಾಲು ಕುಣಿಸ್ತಿದ್ದರು, ನಾನು ನೋಡಿದೆ.

@ಗರಡಿಮನೆ ಅವರಿಗೆ ಒಂದು ಮಾತು. ಇಲ್ಲಿಯ ಕತೆ ಅಷ್ಟು ಸರಳ ಅಲ್ಲ. ಈ ನಾಲ್ವರು ಮೊದಲು ಪಕ್ಕದ ಫೇಮ್ ಸ್ಟುಡಿಯೊದಲ್ಲಿದ್ದವರು. 1967ರ ಜನವರಿಯಲ್ಲಿ ಅರೀತಾ ಫ್ರ್ಯಾಂಕ್ಲಿನ್ ಅಲ್ಲಿಗೆ ಬಂದರು. ಅರೀತಾ ಪಾದ್ರಿಯ ಮಗಳು, ಚರ್ಚಿನಲ್ಲಿ ಹಾಡಿ ಬೆಳೆದವಳು. ಇವರಲ್ಲಿ ಹಾಕಿನ್ಸ್, ಜಾನ್ಸನ್ ಮತ್ತೆ ಅಲ್ಲಿದ್ದ ಇನ್ನೂ ಕೆಲವರು ನುಡಿಸಿದ್ದಕ್ಕೆ ಅವಳು ಹಾಡಿದ ಮೇಲೇ ಅವಳ ಹೆಸರು ದೇಶಕ್ಕೆಲ್ಲ ಗೊತ್ತಾಗಿದ್ದು. ಅದು ಯಾವ ಕಾಲ? ಇದೇ ಅಲಬಾಮಾದಲ್ಲಿ ಕರಿಯರು ಬಿಳಿಯರು ಒಂದೇ ಬೆಂಚಿನಲ್ಲಿ ಕೂತರೆ ತಲೆ ಒಡೀತಿದ್ದ ದಿನಗಳು ಇನ್ನೂ ಪೂರ್ತಿ ಮುಗಿದಿರಲಿಲ್ಲ. ಬಾಗಿಲು ಹಾಕಿಕೊಂಡರೆ ಒಳಗೆ ಮಾತ್ರ ಬೇರೆ ಲೋಕ. ಬಿಳಿಯ ಹುಡುಗರಿಗೆ ಆ ಲಯ ಕಲಿಸಿದ್ದು ಯಾರು ಅಂದರೆ ಕರಿಯರ ರೇಡಿಯೊ, ಕರಿಯರ ಹಾಡುಗಾರರು. ಬ್ಲೂಸ್‌ನ ಪಿತಾಮಹ ಅನ್ನಿಸಿಕೊಂಡ ಡಬ್ಲ್ಯು. ಸಿ. ಹ್ಯಾಂಡಿ ಹುಟ್ಟಿದ್ದು ನದಿ ಆಚೆ ಫ್ಲಾರೆನ್ಸ್‌ನಲ್ಲಿ, ಈ ಸ್ಟುಡಿಯೊದಿಂದ ಕೂಗಳತೆಯಲ್ಲಿ. ಯಾರು ಯಾರಿಂದ ತಗೊಂಡರು ಅಂತ ಲೆಕ್ಕ ಬರೆಯೋಕೆ ಕೂತರೆ ಪುಸ್ತಕ ಸಾಲೋದಿಲ್ಲ ಸಾರ್.

ಆದರೆ ದುಡ್ಡು ಯಾರ ಜೇಬಿಗೆ ಜಾಸ್ತಿ ಹೋಯಿತು ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ವಾದ ಇಲ್ಲ. ಅದು ಎಲ್ಲರಿಗೂ ಕಾಣೋ ವಿಷಯ.

ಹಳೇ ರೆಕಾರ್ಡು:

ನಾನು ಸೈಮನ್ ವಕೀಲ ಅಲ್ಲ. ಆದರೂ ಒಂದೆರಡು ಸಂಗತಿ.

ಗ್ರೇಸ್‌ಲ್ಯಾಂಡ್ ಗಲಾಟೆ ಆಗಿದ್ದು ವರ್ಣಭೇದದ ಸರ್ಕಾರದ ವಿರುದ್ಧ ಇದ್ದ ಸಾಂಸ್ಕೃತಿಕ ಬಹಿಷ್ಕಾರ ಮುರಿದ ಅಂತ. ಅದು ಬೇರೆ ಜಗಳ. ಇಲ್ಲಿ ಡಿಕ್ಸಿ ಹಮ್ಮಿಂಗ್‌ಬರ್ಡ್ಸ್ ಹೆಸರು ಅಡಗಿಸಿಟ್ಟಿಲ್ಲ, ತಂಡದ ಹೆಸರಿನಲ್ಲೇ ಬಂದಿದೆ. ಅವರು ಸುಮ್ನೆ ಕೂತವರೂ ಅಲ್ಲ. ಅದೇ 'ಲವ್ಸ್ ಮಿ ಲೈಕ್ ಎ ರಾಕ್' ಅನ್ನು ತಾವೇ ಹಾಡಿ ಬೇರೆ ರೆಕಾರ್ಡ್ ತಂದರು, ಅದಕ್ಕೆ ಗಾಸ್ಪೆಲ್ ವಿಭಾಗದಲ್ಲಿ ಗ್ರ್ಯಾಮಿ ಬಂತು. ನೋಡಿ ಹೇಗಿದೆ, ದೇವರ ಹಾಡಿನಿಂದ ತಾಯಿಯ ಹಾಡು ಹುಟ್ಟಿತು, ಅದನ್ನು ದೇವರ ಹಾಡು ಹಾಡುವವರೇ ವಾಪಸ್ ತಗೊಂಡು ಹೋಗಿ ದೇವರ ಹಾಡಿನ ಬಹುಮಾನ ಗೆದ್ದರು. ಸೈಮನ್‌ನ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಎರಡನೇ ಜಾಗಕ್ಕೆ ಹೋಯಿತು, ವರ್ಷದ ಆಲ್ಬಮ್ ಗ್ರ್ಯಾಮಿಗೆ ಹೆಸರೂ ಇತ್ತು, ಆದರೆ ಗೆದ್ದಿದ್ದು ಸ್ಟೀವಿ ವಂಡರ್. ಎರಡು ವರ್ಷ ಆದ ಮೇಲೆ ಬೇರೆ ಆಲ್ಬಮ್‌ಗೆ ಆ ಪ್ರಶಸ್ತಿ ಸಿಕ್ಕಾಗ ಸೈಮನ್ ವೇದಿಕೆ ಮೇಲೆ ನಿಂತು, ಈ ವರ್ಷ ಆಲ್ಬಮ್ ತರದೇ ಇದ್ದಿದ್ದಕ್ಕೆ ಸ್ಟೀವಿ ವಂಡರ್‌ಗೆ ಥ್ಯಾಂಕ್ಸ್ ಅಂದ.

ಚರ್ಚಿಗೂ ಬೀದಿಗೂ ನಡುವೆ ಈ ಓಡಾಟ ಸೈಮನ್ ಕಂಡುಹಿಡಿದದ್ದಲ್ಲ. 1954ರಲ್ಲಿ ರೇ ಚಾರ್ಲ್ಸ್ ಒಂದು ಗಾಸ್ಪೆಲ್ ಹಾಡಿನ ಮಟ್ಟನ್ನು ಎತ್ತಿಕೊಂಡು, ಯೇಸು ಇದ್ದ ಜಾಗದಲ್ಲಿ ಹೆಣ್ಣನ್ನು ಇಟ್ಟು 'ಐ ಗಾಟ್ ಎ ವುಮನ್' ಮಾಡಿದ. ಸೋಲ್ ಸಂಗೀತದ ಬೀಜ ಅದೇ ಅಂತ ತುಂಬಾ ಜನ ಹೇಳ್ತಾರೆ. ಇನ್ನು ಸೈಮನ್ ಬರೆದ 'ಬ್ರಿಡ್ಜ್' ಹಾಡನ್ನು 1971ರಲ್ಲಿ ಅರೀತಾ ಹಾಡಿ ಅದಕ್ಕೆ ಚರ್ಚಿನ ರಕ್ತ ತುಂಬಿದಳು. ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಅದು ನಂಬರ್ ಒನ್. ಜೀಟರ್ ಬಾಯಿಂದ ಹೊರಟ ಸಾಲು ಹನ್ನೆರಡು ವರ್ಷ ಸುತ್ತಿ ಅಲ್ಲಿಗೇ ಬಂತು.

ಆಲ್ಬಮ್‌ನಲ್ಲಿ ಎಲ್ಲವೂ ಚಿನ್ನ ಅಂತ ನಾನು ಹೇಳೋದಿಲ್ಲ. 'ವಾಸ್ ಎ ಸನ್ನಿ ಡೇ' ನನಗೆ ನೀರು ಮಜ್ಜಿಗೆ ಕುಡಿದ ಹಾಗಾಗುತ್ತೆ. 'ಟೆಂಡರ್‌ನೆಸ್' ಮಾತ್ರ ಬಿಡಬೇಡಿ. ಹಮ್ಮಿಂಗ್‌ಬರ್ಡ್ಸ್ ಅಲ್ಲೂ ಇದ್ದಾರೆ, ಅಲ್ಲಿ ಆರ್ಭಟ ಇಲ್ಲ, ಬೀದಿ ದೀಪದ ಕೆಳಗೆ ನಿಂತು ಹಾಡಿದ ಹಾಗೆ ಮೆತ್ತಗಿದೆ. ಪಿತ್ತಾಳೆ ವಾದ್ಯಗಳನ್ನು ಜೋಡಿಸಿದ್ದು ನ್ಯೂ ಆರ್ಲಿಯನ್ಸ್‌ನ ಆಲನ್ ಟೂಸಾಂಟ್. ಸೈಮನ್ ಹದಿಮೂರರ ವಯಸ್ಸಿನಲ್ಲಿ ರೇಡಿಯೊಗೆ ಕಿವಿ ಇಟ್ಟು ಏನು ಕೇಳ್ತಿದ್ದ ಅನ್ನೋದು ಆ ಹಾಡಿನಲ್ಲಿ ಗೊತ್ತಾಗುತ್ತೆ.

ರೀಲು ಸುತ್ತುವವ:

ನಾನು ಸಂಗೀತದವನಲ್ಲ, ಹಳೇ ಕ್ಯಾಮೆರಾ ಹುಚ್ಚಿನವನು. 'ಕೊಡಾಕ್ರೋಮ್' ಬಗ್ಗೆ ಯಾರೂ ಬರೆದಿಲ್ಲ ಅಂತ ಬಂದೆ. ಸೈಮನ್ ಮೊದಲು ಬರೆದಿದ್ದು 'ಗೋಯಿಂಗ್ ಹೋಮ್' ಅಂತ, ಅದು ಸಪ್ಪೆ ಅನ್ನಿಸಿ, ಉಚ್ಚಾರಣೆಗೆ ಹತ್ತಿರ ಇರೋ ಪದ ಹುಡುಕಿ ಫಿಲ್ಮ್ ಹೆಸರು ಹಾಕಿದ. ಕಂಪನಿಯ ಹೆಸರು ಇದೆ ಅಂತ ಬಿಬಿಸಿ ಅದನ್ನು ಹಾಕೋಕೆ ಒಪ್ಪಲಿಲ್ಲ, ಅದಕ್ಕೇ ಇಂಗ್ಲೆಂಡಿನಲ್ಲಿ 'ಮಾರ್ಡಿ ಗ್ರಾ' ಸಿಂಗಲ್ ಆಗಿ ಬಂತು. ಕೊಡಾಕ್ರೋಮ್ ಫಿಲ್ಮ್ ಮಾಡೋದನ್ನು 2009ರಲ್ಲಿ ನಿಲ್ಲಿಸಿದರು. ಹಾಡು ಇನ್ನೂ ಇದೆ, ಫಿಲ್ಮ್ ಇಲ್ಲ. ನನ್ನ ಫ್ರಿಜ್ಜಿನಲ್ಲಿ ಒಂದು ರೋಲ್ ಇದೆ, ತೊಳೆಯೋ ಲ್ಯಾಬೇ ಇಲ್ಲ. ಹೆಂಡತಿ ಅದನ್ನು ಎಸೆಯೋಕೆ ಕಾಯ್ತಿದ್ದಾಳೆ. ಸರಿ, ಮುಂದುವರಿಸಿ.

ಕಡಲ ತಡಿಯ ಟೆನರ್:

@ತಂತಿಮೀಟು ನೀವು ಗಿಟಾರ್ ನುಡಿಸ್ತೀರಿ ಅಂದಿರಲ್ಲ, ಒಂದು ಕೆಲಸ ಮಾಡಿ ನೋಡಿ. 'ಲವ್ಸ್ ಮಿ ಲೈಕ್ ಎ ರಾಕ್' ಹಾಕಿ ಚಪ್ಪಾಳೆ ತಟ್ಟಿ. ನಮ್ಮ ಕಡೆ ಭಜನೆಗೆ ತಟ್ಟುವ ಹಾಗೆ ಮೊದಲನೇ ಏಟಿಗೆ ತಟ್ಟಿದರೆ ಹಾಡು ಒಂದು ಕಾಲು ಕುಂಟಿದ ಹಾಗೆ ಆಗ್ತದೆ. ಒಂದು ಬಿಟ್ಟು ಎರಡಕ್ಕೆ, ಮೂರು ಬಿಟ್ಟು ನಾಲ್ಕಕ್ಕೆ ತಟ್ಟಿ. ಆಗ ನೋಡಿ, ಹಾಡು ನಿಮ್ಮನ್ನು ಎತ್ತಿಕೊಂಡು ಹೋಗ್ತದೆ. ಗಾಸ್ಪೆಲ್‌ನ ಗುಟ್ಟು ಅರ್ಧ ಅಲ್ಲೇ ಇದೆ. ರಿದಮ್ ಅಂಡ್ ಬ್ಲೂಸ್ ಡ್ರಮ್ಮರ್‌ಗಳು ಅದೇ ಚಪ್ಪಾಳೆಯನ್ನು ಸ್ನೇರ್ ಅನ್ನೋ ಸಣ್ಣ ಡ್ರಮ್ಮಿನ ಮೇಲೆ ಇಟ್ಟರು. ನಮ್ಮ ಕಾಯರ್‌ನವರಿಗೆ ಒಮ್ಮೆ ಗಾಸ್ಪೆಲ್ ಹಾಡು ಕಲಿಸಲಿಕ್ಕೆ ಹೋಗಿ ನಾನು ಸೋತೆ. ಎರಡು ಸಾಲು ಸರಿ ತಟ್ಟುತ್ತಾರೆ, ಮೂರನೇ ಸಾಲಿಗೆ ಜರ್ಮನ್ ಚರ್ಚಿನ ಕೋರಲ್ ಹಾಡಿನ ಥರ ನೆಟ್ಟಗೆ ನಿಂತುಬಿಡ್ತಾರೆ.

ಮತ್ತೆ ಹಿಂದಿನ ದನಿಗಳು ಯಾವಾಗ ಬರ್ತವೆ ಅಂತ ನೋಡಿ. ಮೊದಲಿಗೆ ಸೈಮನ್ ಒಬ್ಬನೇ. ಅವರು ಬರೇ ಊ ಅಂತ ಕೆಳಗೆ ನಿಂತಿರ್ತಾರೆ. ಆಮೇಲೆ ಅವನು ಒಂದು ಮಾತು ಎಸೀತಾನೆ, ಅವರು ಹಿಡೀತಾರೆ. ಕೊನೆಗೆ ಬರುವಾಗ ಅವರೇ ಹಾಡು, ಇವನು ಮೇಲೆ ಹಾರಾಡುವ ಹಕ್ಕಿ ಅಷ್ಟೇ. ಚರ್ಚಿನಲ್ಲಿ ಪ್ರಸಂಗಿ ಮಾತಾಡ್ತಾ ಮಾತಾಡ್ತಾ ಜನ ಏಳೋದು ಹೀಗೇ.

ಗರಡಿಮನೆ:

ಈಗಷ್ಟೇ ಎರಡು ಸಲ ಕೇಳಿದೆ. ಚಪ್ಪಾಳೆ ವಿಷಯ ಹೌದು.

ಜೀಟರ್ ಹಾಡಿದ ಜಾಗ ಮಾತ್ರ ಐದು ಸಲ. ಅವರ ಸ್ವಂತ ತಂಡದ್ದು ಯಾವುದು ಮೊದಲು ಕೇಳಬೇಕು ಹೇಳಿ. ಸೈಮನ್ ನಿಮಗೇ ಇರಲಿ.

ಹಳೇ ರೆಕಾರ್ಡು:

@ಗರಡಿಮನೆ 'ಓ ಮೇರಿ ಡೋಂಟ್ ಯು ವೀಪ್', ಸ್ವಾನ್ ಸಿಲ್ವರ್‌ಟೋನ್ಸ್. ಹೆಡ್‌ಫೋನ್ ಹಾಕಿ ಕೇಳಿ.

ತಂತಿಮೀಟು:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ.

ಇವತ್ತು ಅಮ್ಮನನ್ನು ಕೂರಿಸಿ ಬಂಡೆ ಕತೆ ಹೇಳಿದೆ. "ಹಂಗಾದರೆ ಸರಿ, ಕಲ್ಲಲ್ಲೂ ದೇವರು ಇರ್ತಾನಲ್ಲ" ಅಂದರು, ಅವರಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. ನಾನು ಎರಡು ದಿನ ತಲೆ ಕೆಡಿಸಿಕೊಂಡಿದ್ದು ವ್ಯರ್ಥ. ಚಪ್ಪಾಳೆ ಇಬ್ಬರೂ ತಟ್ಟಿ ನೋಡಿದೆವು. ನನಗೆ ನಾಲ್ಕೈದು ಸಲ ತಪ್ಪಿತು. ಅವರು ಗುರುವಾರದ ಭಜನೆ ಗುಂಪಿನವರು, ತಾಳ ಹಿಡಿದ ಕೈ, ಅವರಿಗೆ ಇನ್ನೂ ಕಷ್ಟ ಆಗಬಹುದು ಅಂದುಕೊಂಡಿದ್ದೆ. ಮೊದಲ ಚರಣ ತಪ್ಪಿದರು, ಎರಡನೆಯದಕ್ಕೆ ಹಿಡಿದುಬಿಟ್ಟರು. "ನಮ್ಮ ತಾಳವನ್ನೇ ಸ್ವಲ್ಪ ಪಕ್ಕಕ್ಕೆ ಸರಿಸಿದ್ದಾರೆ" ಅಂದರು.

ಇದಾದ ಮೇಲೆ ಏನು ಕೇಳಲಿ? ಸೈಮನ್‌ದೇ ಆದರೂ ಸರಿ.

ಹಳೇ ರೆಕಾರ್ಡು:

1974ರ 'ಲೈವ್ ರೈಮಿನ್'. ಈ ಆಲ್ಬಮ್ ಆದ ಮೇಲೆ ಹೋದ ಪ್ರವಾಸದ ಕಚೇರಿ. ಜೆಸ್ಸಿ ಡಿಕ್ಸನ್ ಸಿಂಗರ್ಸ್ ಅನ್ನೋ ಗಾಸ್ಪೆಲ್ ತಂಡ ಜೊತೆಗಿತ್ತು. ನೀವು ಬೆರಳು ಪಳಗಿಸಿದ 'ಸೌಂಡ್ ಆಫ್ ಸೈಲೆನ್ಸ್' ಅದರಲ್ಲಿ ಅವರ ಜೊತೆ ಹಾಡಿದ್ದಾನೆ, ಗುರುತೇ ಸಿಗೋದಿಲ್ಲ. ಒಂದು ಕಡೆ ಸೈಮನ್ ಪಕ್ಕಕ್ಕೆ ನಿಂತು ಅವರಿಗೇ ಮೈಕ್ ಬಿಟ್ಟುಕೊಡ್ತಾನೆ, ಅದು ಪೂರ್ತಿ ಯೇಸುವಿನ ಹಾಡು.

ಅದನ್ನು ಹಾಕಿದಾಗ ಅಮ್ಮ ಚರ್ಚಿನ ಹಾಡಾ ಅಂತ ಕೇಳಿದರೆ ಹೌದು ಅನ್ನಿ.